ಹಸಿ ಗೂಟ

ಬುರುಲ್ ಮುದುಕಿಯ ಹೆಣ ಇನ್ನೂ ಒಳಗಿರುವಾಗಲೇ ಎಸೆನ್‌ಕುಲ್‌ನ ಆಳುಗಳು ಅವಳ ಬೇಲಿಯ ಗೂಟಗಳನ್ನು ಕಿತ್ತು ತಂದು ಅವಳ ಸಾವಿನೂಟದ ಒಲೆಗೆ ತುಂಬಿದರು.

ಗೂಟಗಳು ಹೊತ್ತಲಿಲ್ಲ, ಹೊಗೆಯಾಡಿದವು. ಆ ಹೊಗೆ, ಸಾವಿಗೆಂದು ಅಂಗಳದಲ್ಲಿ ಮರದ ಜಾಲರಿ ನಿಲ್ಲಿಸಿ ಕಂಬಳಿ ಹೊದಿಸಿ ಎಬ್ಬಿಸಿದ್ದ ಹಳೆಯ ಕಂಬಳಿಮನೆಯ ಅಂಚಿನಡಿಯಿಂದ ಒಳಕ್ಕೆ ನುಸುಳಿದಾಗ ಸೊಸೆ ಅಸಿಲ್ ಗೋಡೆಗೆ ಮುಖ ಮಾಡಿ ಕೂತು, ಎರಡೂ ಕೈ ಸೊಂಟಕ್ಕೆ ಊರಿ, ಹಾಡಿ ಅಳುತ್ತಿದ್ದಳು. ಬೆರಣಿಯ ಹೊಗೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಇದು ಅದಲ್ಲ. ಕಹಿ, ಹಸಿ, ಎಲೆ ಬೆಂದಂಥ ವಾಸನೆ. ಹಾಡಿನ ಸಾಲು ಅವಳ ಬಾಯಲ್ಲೇ ತುಂಡಾಯಿತು.

“ನಿಲ್ಲಿಸ್ಬೇಡ,” ಎಂದು ಪಕ್ಕದಲ್ಲಿದ್ದ ಕಲಿಯಾ ಮೊಣಕೈಯಿಂದ ತಿವಿದಳು. “ಹೊರಗೆ ಜನ ಬಂದು ನಿಂತವ್ರೆ.”

ಕಲಿಯಾ ಹಳ್ಳಿಯ ಹೆಂಗಸರಲ್ಲೆಲ್ಲ ಹಿರಿಯಳು, ಸತ್ತವಳ ನೆರೆಮನೆಯವಳು. ಸಾವಿನ ಮನೆಯ ಕಟ್ಟಳೆಗಳೆಲ್ಲ ಅವಳ ನಾಲಗೆಯ ತುದಿಯಲ್ಲಿ. ಹೆಂಗಸು ಹಾಡಿ ಅಳುತ್ತಿರುವಷ್ಟು ಹೊತ್ತು ಹೊರಗೆ ಬಂದ ಗಂಡಸರು ಊರುಗೋಲಿಗೆ ಮೈಚೆಲ್ಲಿ ನಿಂತು ಗೋಳಿಡಬೇಕು. ಎಂಥ ದೊಡ್ಡ ಮನುಷ್ಯನೇ ಬಂದಿರಲಿ, ಹಾಡು ಮುಗಿಯುವ ಮುಂಚೆ ಒಳಗೆ ಕಾಲಿಡುವಂತಿಲ್ಲ, ಅವಳನ್ನು ತಡೆಯುವಂತಿಲ್ಲ. ಹಾಗೆಯೇ, ಜನ ಬಂದು ನಿಂತಾಗ ಅವಳು ಬಾಯಿ ಕಟ್ಟಿ ಕೂರುವಂತೆಯೂ ಇಲ್ಲ.

ಅಸಿಲ್ ಮತ್ತೆ ದನಿ ಎತ್ತಿದಳು. ಬೆನ್ನ ಹಿಂದೆ ಪರದೆಯ ಮರೆಯಲ್ಲಿ ಅತ್ತೆ ಮಲಗಿದ್ದಳು. ಒಳಗೆ ಜನ ತುಂಬಿ ಸೆಕೆಯಾದದ್ದಕ್ಕೆ ಕಂಬಳಿಯ ಕೆಳಗಂಚನ್ನು ಗೇಣುದ್ದ ಮೇಲಕ್ಕೆ ಸುತ್ತಿದ್ದರು. ಹಾಡುತ್ತಲೇ ಅವಳು ತಲೆ ತಗ್ಗಿಸಿ, ಜಾಲರಿಗೋಡೆಯ ಕಿಂಡಿಯಿಂದ ಹೊರಗೆ ನೋಡಿದಳು.

ಹೊಳೆ ಕಾಣುತ್ತಿತ್ತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಡಿದಾದ ದಿಬ್ಬ, ನಡುವೆ ತಾಲ್ದೀಸು ಹೊಳೆಯ ದಂಡೆ. ಅದರೊಳಕ್ಕೆ ಹೋಗಲು ಬಾಯಿ ಒಂದೇ. ಆ ಬಾಯಿಗೆ ಅಡ್ಡವಾಗಿ ಬುರುಲ್ ಹಾಕಿದ್ದ ಬೇಲಿಯ ಜಾಗದಲ್ಲಿ ಈಗ ಕಪ್ಪು ಗುಳಿಗಳ ಸಾಲು. ಎಸೆನ್‌ಕುಲ್‌ನ ಆಳೊಬ್ಬ ಸಾವಿಗೆ ಬಂದವರ ಕುದುರೆಗಳ ಲಗಾಮುಗಳನ್ನು ಒಟ್ಟಿಗೆ ಹಿಡಿದು, ಆ ಗುಳಿಗಳನ್ನು ದಾಟಿಸಿ, ನೀರಿಗೆ ಇಳಿಸುತ್ತಿದ್ದ.

ಹಿಮ ಕರಗಿ ಇನ್ನೂ ತಿಂಗಳಾಗಿರಲಿಲ್ಲ. ದಂಡೆಯ ನೆಲ ನಾದಿದ ಹಿಟ್ಟಿನಂತಿತ್ತು. ಮುಂದಿನ ಕುದುರೆಯ ಕಾಲು ಮೊಣಕಾಲಿನವರೆಗೆ ಹೂತು, ಹೀರಿದ ಸದ್ದಿನೊಂದಿಗೆ ಮೇಲೆದ್ದಿತು. ಅದರೊಂದಿಗೆ ಜೊಂಡಿನ ಒಂದು ಹೆಂಟೆಯೂ ಎದ್ದು ನೀರಿಗೆ ಬಿತ್ತು.

ನಾಡಿದ್ದು ಜಿಲ್ಲಾ ಕಚೇರಿಯಿಂದ ಝಿಬೆಕ್ ಬರುವವಳಿದ್ದಳು, ದಂಡೆ ನೋಡಲು. ಮೂರು ವರ್ಷ ಮಂದೆ ಬಿಡದೆ ಇಟ್ಟದ್ದಕ್ಕೆ ಹೊಳೆ ಚೇತರಿಸಿಕೊಂಡಿದೆ ಎಂದು ಕಂಡುಬಂದರೆ ಬೇಲಿ ಉಳಿಯುತ್ತದೆ, ನೆಲ ಗಟ್ಟಿಯಾದ ಶರತ್ಕಾಲದಲ್ಲಿ ಮಾತ್ರ ಒಂದಿಷ್ಟು ದಿನ ಮೇವು. ದಂಡೆ ತುಳಿದುಹೋಗಿದ್ದರೆ ಬೇಲಿಯ ಮಾತು ಅಲ್ಲಿಗೆ ಮುಗಿಯಿತು. ಅದೇ ಸಂಜೆ ಎಸೆನ್‌ಕುಲ್‌ನ ಕುದುರೆಮಂದೆ ಒಳಗೆ. ಅವನ ಮಂದೆ ಒಳಗಿದ್ದ ವರ್ಷಗಳಲ್ಲೆಲ್ಲ ಬೇಸಗೆ ಕೊನೆಯಾಗುವ ಹೊತ್ತಿಗೆ ಹೊಳೆ ಕಲ್ಲುಗಳ ನಡುವೆ ಇಂಗಿಹೋಗುತ್ತಿತ್ತು. ಆಗ ನೀರಿಲ್ಲದೆ ಒಣಗುತ್ತಿದ್ದದ್ದು ಕೆಳಗಿನ ಮನೆಗಳು. ಎಸೆನ್‌ಕುಲ್‌ನ ಮನೆ ಮೇಲಿತ್ತು. ಅವನಿಗೆ ಕೊಳವೆಬಾವಿಯೂ ಇತ್ತು.

ಹುಲ್ಲುಗಾವಲು ಸಮಿತಿಗೆ ಅವನೇ ಅಧ್ಯಕ್ಷ. ಸಮಿತಿಯಲ್ಲಿ ಉಳಿದವರೆಂದರೆ ಅವನ ಕುದುರೆ ಕಾಯುವವರು, ಇಲ್ಲವೆ ಕಾಯುವವರ ಅಣ್ಣತಮ್ಮಂದಿರು. ಅಸಿಲ್‌ಳ ಗಂಡ ಕುಬಾತ್ ಅವನ ದೊಡ್ಡಪ್ಪನ ಮಗ, ಅವನ ಮಂದೆಯ ಕಾವಲುಗಾರ. ಇವತ್ತು ಕೊಪ್ಪರಿಗೆಯಲ್ಲಿ ಬೇಯುತ್ತಿದ್ದ ಕುದುರೆಯೂ ಎಸೆನ್‌ಕುಲ್‌ನದೇ ಕೊಡುಗೆ. ನಸುಕಿನಲ್ಲಿ ಅದನ್ನು ತಂದು ಕಟ್ಟಿ, ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

*

ಬುರುಲ್ ಆ ಗೂಟಗಳ ಮರದ ಹೆಸರನ್ನು ಜನ್ಮದಲ್ಲಿ ಒಮ್ಮೆಯೂ ಹೇಳಿದವಳಲ್ಲ.

ನಮ್ಮ ಕಡೆ ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಕೂಡದು. ಹೊಳೆದಂಡೆಯಲ್ಲಿ ಬೆಳೆಯುವ ನೀರವಂಜಿ ಮರಕ್ಕೆ ನಮ್ಮ ಮಾತಿನಲ್ಲಿ ತಾಲ ಎನ್ನುತ್ತಾರೆ. ಬುರುಲ್‌ಳ ಮಾವನ ಹೆಸರು ತಾಲ್ಬೆಕ್. ಹಾಗಾಗಿ ಅವಳ ಬಾಯಲ್ಲಿ ನೀರವಂಜಿ ‘ಬಾಗೋದು’ ಆಗಿತ್ತು, ತಾಲ್ದೀಸು ಹೊಳೆ ಬರೀ ‘ಆ ಹೊಳೆ’ ಆಗಿತ್ತು.

ಝಿಬೆಕ್ ಮೊದಲ ಸಲ ಬಂದಾಗ ಇದರಿಂದ ದೊಡ್ಡ ಪೇಚಾಟವಾಯಿತು. ದೊಡ್ಡ ಬೂಟು, ಚಿಕ್ಕ ಜಡೆಯ ಹುಡುಗಿ. ದಂಡೆಯುದ್ದಕ್ಕೂ ನಿಧಾನ ನಡೆದಳು, ಬಗ್ಗಿದಳು, ಕುಡಿ ಮುಟ್ಟಿ ನೋಡಿದಳು, ಬೋಳು ನೆಲವನ್ನು ಹೆಜ್ಜೆಯಲ್ಲಿ ಅಳೆದಳು. ನಾಯಿಯೊಂದು ಹೊಸ ಅಂಗಳ ಮೂಸಿದ ಹಾಗೆ ಮೂಸ್ತಾಳಲ್ಲ ಇವಳು ಎಂದು ಬುರುಲ್ ನಾಸ್ವಾಯ್ ತಂಬಾಕನ್ನು ನಾಲಗೆಯಡಿ ಒತ್ತಿಕೊಂಡೇ ಗೊಣಗಿದಳು. ಆಮೇಲೆ ಕೇಳಿದಳು, ಹೊಳೆಗೂ ಕಾಯಿಲೆ ಬರುತ್ತಾ ಎಂದು.

ಝಿಬೆಕ್ ಕಿತ್ತ ದಡದ ಅಂಚಿನಿಂದ ಹುಲ್ಲಿನ ಒಂದು ಹಿಡಿ ಎಳೆದಳು. ಕೂದಲು ಉದುರಿದಷ್ಟು ಸಲೀಸಾಗಿ ಬಂತು. ಪಕ್ಕದ ಜೊಂಡನ್ನು ಹಿಡಿಯಲು ಮುದುಕಿಗೆ ಹೇಳಿದಳು. ಬುರುಲ್ ಎರಡೂ ಕೈಯಲ್ಲಿ ಜಗ್ಗಿದಳು. ಜೊಂಡು ಅಲುಗಲಿಲ್ಲ, ಮುದುಕಿ ಹಿಂದಕ್ಕೆ ಬಿದ್ದಳು.

“ಇದು ದಡನ ಹಿಡ್ಕೊಂಡಿರುತ್ತೆ ಅಪಾ,” ಎಂದಳು ಝಿಬೆಕ್. ಅಮ್ಮ ಎನ್ನುವ ಮಾತು. “ಅದು ಹಿಡ್ಕೊಳಲ್ಲ. ನಿಮ್ ದಂಡೆ ತುಂಬ ಹಿಡ್ಕೊಳ್ದೇ ಇರೋದೇ ಬೆಳೆದಿದೆ. ಅದಕ್ಕೇ ದಡ ಕುಸೀತಿದೆ, ಹೊಳೆ ಅಗಲ ಆಗ್ತಿದೆ, ನೀರು ನೆಲಕ್ಕಿಳೀದೆ ಓಡ್ಹೋಗ್ತಿದೆ. ತಾಲ ನೋಡಿ, ಮುದಿಮರ ನಾಲ್ಕೈದಿವೆ ಅಷ್ಟೆ. ಎಳೇದು ಒಂದೂ ಇಲ್ಲ.”

“ನಮ್ಮೂರ್ ಥರಾನೇ,” ಎಂದಳು ಬುರುಲ್, ಕೂತಲ್ಲಿಂದಲೇ. “ಎಳೇವೆಲ್ಲ ರಷ್ಯಾಕ್ಕೆ ದುಡಿಯಕ್ಕೆ ಹೋದ್ವೇನೋ.” ಮತ್ತೆ ಕೇಳಿದಳು, “ಬಾಗೋದು ಬರ್ಬೇಕಂದ್ರೆ ಏನ್ ಮಾಡ್ಬೇಕು?”

“ಏನು ಬಾಗೋದು?”

ಕುದುರೆ ಹಿಡಿದು ನಿಂತಿದ್ದ ಕುಬಾತ್ ನಕ್ಕು ಬಿಡಿಸಿ ಹೇಳಬೇಕಾಯಿತು. ಝಿಬೆಕ್‌ಗೆ ಸೋಜಿಗ. ನಿಮ್ಮ ಮಾವ ಸತ್ತು ಎಷ್ಟು ಕಾಲವಾಯಿತು ಎಂದು ಕೇಳಿದಳು. “ಅವ್ರು ಸತ್ರೇನು, ನಾನಿನ್ನೂ ಸೊಸೆನೇ ಅಲ್ವಾ?” ಎಂದಳು ಬುರುಲ್.

ಮಂದೆ ತುಳಿಯದಂತೆ ದಂಡೆಗೆ ಬೇಲಿ ಹಾಕುವ ಮಾತು ಬಂದಾಗ ಎಸೆನ್‌ಕುಲ್ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಹೊಳೆ ನಿಮ್ಮಪ್ಪನದಾ ಎಂದು ಕೇಳಿದ್ದ. ನಮ್ಮಪ್ಪನದಲ್ಲ, ನಿನ್ನ ಕುದುರೆಗಳ ಅಪ್ಪನದೂ ಅಲ್ಲ ಎಂದಿದ್ದಳು ಬುರುಲ್. ಸಭೆ ನಕ್ಕಿತು. ಜಿಲ್ಲೆಯವರೂ ಅಲ್ಲಿದ್ದರು. ಮೂರು ವರ್ಷ ನೋಡೋಣ ಎಂದು ಬರೆದು ಮುಗಿಸಿದರು. ಆ ನಗೆಯನ್ನು ಎಸೆನ್‌ಕುಲ್ ಮರೆಯಲಿಲ್ಲ.

ಗೂಟ ಊರಿದ ವಸಂತದಲ್ಲಿ ಅಸಿಲ್ ಅತ್ತೆಗೆ ಮನಸಾರೆ ಶಾಪ ಹಾಕಿದ್ದಳು. ಬೇಲಿ ಹಾಕಿದ ಮೇಲೆ ನೀರಿಗೆ ಅವಳೇ ಕೆಳಗಿನ ಕಲ್ಲುಕಟ್ಟೆಯವರೆಗೆ ಹೋಗಬೇಕು, ಬಿಂದಿಗೆ ಹೊತ್ತು ಏರಬೇಕು. ಮುದಿಮರಗಳಿಂದ ಕಡಿದ ಹಸಿ ರೆಂಬೆಗಳನ್ನು ಮಂಡಿನೋವಿನ ಮುದುಕಿ ನೆಲದಲ್ಲಿ ಕೂತು ಚೂಪು ಮಾಡುತ್ತಿದ್ದಳು, ಸೊಸೆ ಬಡಿದು ಊರಬೇಕಿತ್ತು. ಸಿಟ್ಟಿನಲ್ಲಿ ಒಂದೆರಡನ್ನು ತುದಿ ಕೆಳಗಾಗಿ ಊರಿಬಿಟ್ಟಳು. “ತಲೆಕೆಳಗಾಗಿ ಹೂತಿದ್ರೆ ನೀನಾದ್ರೂ ಬೆಳೀತಿದ್ಯಾ?” ಎಂದು ಮುದುಕಿ ಗದರಿ ಕೀಳಿಸಿದ್ದಳು. ಒಣಗೂಟ ಊರಿದರೆ ಬೇಗ ಮುಗಿಯುತ್ತಿತ್ತಲ್ಲ ಎಂದರೆ, ಒಣಗೂಟ ಬೇಲಿ ಮಾತ್ರ ಆಗುತ್ತೆ ಎಂದಿದ್ದಳು.

ಮರುವರ್ಷ ಗೂಟಗಳ ನೆತ್ತಿಯಲ್ಲಿ ಎಲೆ ಬಂದವು. ಆವತ್ತು ಬುರುಲ್ ಸೊಸೆಯ ಕೈಹಿಡಿದು ದಂಡೆಗೆ ಕರೆದೊಯ್ದು, ಹಿಮ್ಮಡಿ ಊರಿ ನೋಡಲು ಹೇಳಿದಳು. ಅಸಿಲ್ ಊರಿದಳು. “ಇಳೀತಾ? ಹಂಗಾದ್ರೆ ಇನ್ನೂ ಬ್ಯಾಡ, ಒಂದು ಕುರೀನೂ ಬ್ಯಾಡ. ಇಳೀದಂಗಾದಾಗ ಬಿಡಣ, ಮೇಯ್ಲಿ.” ಮನೆಗೆ ಮರಳುವಾಗ ದಾರಿಯಲ್ಲಿ, ಮೂಲೆಯಲ್ಲಿ ಮಡಚಿಟ್ಟಿದ್ದ ಹಳೆಯ ಕಂಬಳಿಮನೆಯ ಮಾತು ಬಂತು. ಅದರ ಜಾಲರಿಯೆಲ್ಲ ಈ ದಂಡೆಯ ಬಾಗೋದೇ ಎಂದಳು. “ನಮ್ಮಾವ ಮದ್ವೆಗೆ ಮನೆ ಮಾಡ್ಸಿದ್ರು. ಮನೆ ಎದ್ದಿತು, ದಂಡೆ ಬೋಳಾಯ್ತು. ಆ ಮನೇಲೇ ಮಕ್ಕಳ್ನ ಹೆತ್ತೆ ನಾನು. ಹೊಳೆ ಮೈಮೇಲಿನ ಬಟ್ಟೆ ಬಿಚ್ಕೊಂಡು ಹೊದ್ದಂಗೆ.”

*

ಮಧ್ಯಾಹ್ನದ ಹೊತ್ತಿಗೆ ಹೆಣ ತೊಳೆಯಲು ನೀರು ಬಂತು. ನೆರೆಯ ಹೆಂಗಸರಿಬ್ಬರು ಕಲ್ಲುಕಟ್ಟೆಯಿಂದ ತುಂಬಿ ತಂದ ಬಿಂದಿಗೆಗಳನ್ನು ಪರದೆಯೊಳಗೆ ಇಟ್ಟು ಹೋದರು. ತೊಳೆಯುವವರು ಕಲಿಯಾ ಮತ್ತು ಇನ್ನಿಬ್ಬರು ಹಿರಿಯರು. ನೀರು ಹುಯ್ಯುವುದು ಸೊಸೆಯ ಕೆಲಸ.

ಅಸಿಲ್ ತಂಬಿಗೆ ಅದ್ದಿ ಎತ್ತಿದಳು. ನೀರು ಹಾಲುಚಹಾದ ಬಣ್ಣದ್ದಾಗಿತ್ತು. ಅದರಲ್ಲಿ ಕೊಚ್ಚಿದ ಜೊಂಡಿನ ಬೇರು, ಕುದುರೆಲದ್ದಿಯ ಒಂದು ಎಳೆ ತೇಲುತ್ತಿದ್ದವು.

ಹಲಗೆಯ ಮೇಲೆ ಬಿಳಿಬಟ್ಟೆಯಡಿ ಬುರುಲ್ ಮಗುವಿನಷ್ಟು ಚಿಕ್ಕದಾಗಿ ಮಲಗಿದ್ದಳು. ಕಲಿಯಾ ತನ್ನ ತಲೆಯ ಬಟ್ಟೆಯ ತುದಿ ಬಿಚ್ಚಿ ಬಿಂದಿಗೆಯ ಬಾಯಿಗೆ ಹಿಡಿದಳು. ಸೋಸಿ ಹುಯ್ಯಿ, ಹೊತ್ತಾಗುತ್ತೆ, ಮುಲ್ಲಾ ಕಾಯ್ತಾ ಇದ್ದಾನೆ ಎಂದಳು.

“ಇದನ್ನ ಹುಯ್ಯಲ್ಲ ನಾನು.”

“ಹುಯ್ಯದೆ?”

ಅಸಿಲ್ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಪರದೆ ಸರಿಸಿ ಹೊರಗೆ ನಡೆದಳು.

ಬಾಗಿಲಿನ ಬಲಕ್ಕೆ ಗಂಡಸರ ಸಾಲು. ಮೊದಲಿಗ ಕುಬಾತ್, ನಡುವಿಗೆ ದುಃಖದ ಬಿಳಿ ಪಟ್ಟಿ ಬಿಗಿದು ಊರುಗೋಲಿನ ಮೇಲೆ ಬಾಗಿದ್ದ. ಬೆಳಿಗ್ಗೆಯಿಂದ ಕೂಗಿ ಅವನ ಗಂಟಲು ಬಿದ್ದಿತ್ತು. ಪಕ್ಕದಲ್ಲಿ ಎಸೆನ್‌ಕುಲ್, ಎತ್ತರದ ಬಿಳಿ ಟೋಪಿ, ಒಳ್ಳೆಯ ಕೋಟು. ಎಲ್ಲರ ಕೈಗೂ ಹೊಸದಾಗಿ ಕಡಿದ ಕೋಲುಗಳನ್ನು ಅವನ ಆಳುಗಳೇ ಕೊಟ್ಟಿದ್ದರು. ಕುಬಾತ್‌ನ ಕೋಲಿನ ಗೆಣ್ಣಿನಲ್ಲಿ ಒಂದು ಹಸಿರು ಮೊಗ್ಗಿತ್ತು. ಯಾವ ದಂಡೆಯಿಂದ ಕಡಿದದ್ದೆಂದು ಅಸಿಲ್ ಕೇಳಬೇಕಾಗಿರಲಿಲ್ಲ.

ಹೆಣ ತೊಳೆಯುವ ಹೊತ್ತಿನಲ್ಲಿ ಹೆಂಗಸು ಗಂಡಸರ ಸಾಲಿಗೆ ಬರುವುದಿಲ್ಲ. ಸಾಲಿನ ಗೋಳು ಒಂದೊಂದಾಗಿ ನಿಂತಿತು. ಅವಳು ಬಿಂದಿಗೆಯನ್ನು ಗಂಡನ ಕಾಲ ಬಳಿ ಇಟ್ಟಳು.

“ನಿಮ್ಮಮ್ಮನ ಸ್ನಾನದ ನೀರು. ನೋಡು.”

ಕುಬಾತ್ ನೋಡಿದ. ಎಸೆನ್‌ಕುಲ್ ಕೂಡ ಬಗ್ಗಿ ನೋಡಿ, ಮೆತ್ತಗಿನ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ.

“ಸಾವಿನ ಮನೆಗೆ ದೂರದಿಂದ ಬಂದವ್ರ ಕುದುರೆ ಬಾಯಾರ್ಕೊಂಡು ನಿಲ್ಬೇಕಾ ಸೊಸೆ? ಇವತ್ತೂ ಬೇಲೀನಾ? ಬುರುಲ್ ದೊಡ್ಡಮ್ಮನ ಹೆಸ್ರಿಗೆ ಮಸಿ ಬಳೀಬೇಡ.”

ಅವನ ಹೆಸರು ಹಿಡಿಯುವಂತಿಲ್ಲ, ಮುಖಕ್ಕೆ ಮುಖ ಕೊಟ್ಟು ಎದುರಾಡುವಂತಿಲ್ಲ. ಗಂಡನ ಅಣ್ಣನ ಸ್ಥಾನದವನು. ಅಸಿಲ್ ಗಂಡನನ್ನೇ ನೋಡಿ ಮಾತಾಡಿದಳು. ಕೆಳಗಿನ ಕಟ್ಟೆಯಲ್ಲಿ ಕುದುರೆಗಳಿಗೆ ನೀರು ಕುಡಿಸಬಹುದಿತ್ತು ಎಂದಳು. ಮೇಲಿನ ತಿರುವಿನ ಗಿಡಗಳು ಇನ್ನೂ ಉಳಿದಿವೆ, ಈಗಲೇ ಹೊರಗೆ ಹೊಡೆಸಿದರೆ ನಾಡಿದ್ದು ತೋರಿಸಲು ಏನಾದರೂ ಇರುತ್ತದೆ ಎಂದಳು.

“ಇವತ್ತೊಂದಿನ ಬಿಡು,” ಎಂದ ಕುಬಾತ್. ದನಿ ಗೊಗ್ಗರಾಗಿತ್ತು.

“ಅವ್ರಿಗೆ ಬೇಕಾಗಿರೋದೂ ಇವತ್ತೊಂದೇ ದಿನ.”

ಕುಬಾತ್ ಕೋಲಿನ ಮೇಲೆ ಹಣೆ ಇಟ್ಟ. ಮತ್ತೆ ತಲೆ ಎತ್ತಲಿಲ್ಲ. ಅವಳು ಬಿಂದಿಗೆಯನ್ನು ಅಲ್ಲೇ, ಎಲ್ಲರ ಕಾಲ ನಡುವೆ ಸುರಿದು, ಬಂಡೆಯ ಹಿಂದಿನ ಒರತೆಗೆ ಹತ್ತಿಹೋದಳು. ಬೊಗಸೆಯಿಂದ ತುಂಬಿಸಬೇಕಾದ ಒರತೆ. ಬಿಂದಿಗೆ ತುಂಬುವ ತನಕ ಮುಲ್ಲಾ ಕಾದ, ಜನ ಕಾದರು, ಎಸೆನ್‌ಕುಲ್ ಗಡಿಯಾರ ನೋಡಿಕೊಂಡ. ಆ ನೀರಿನಲ್ಲೇ ಬುರುಲ್‌ಳ ಮೈ ತೊಳೆದರು. ಹಿಮ್ಮಡಿಯ ಬಿರುಕುಗಳಲ್ಲಿ ದಂಡೆಯ ಕಪ್ಪುಮಣ್ಣು ಕೂತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

“ಇರ್ಲಿ ಬಿಡು,” ಎಂದಳು ಕಲಿಯಾ, ಮೂಗೆಳೆದುಕೊಂಡು. “ಮಣ್ಣಿಗೇ ಹೋಗ್ತಾ ಇರೋದು.”

*

ಹೆಣವನ್ನು ಕಂಬಳಿಮನೆಯ ಮುಂದೆ ಇಟ್ಟು ಗಂಡಸರು ಸಾಲುಗಟ್ಟಿದರು. ಹೆಂಗಸರು ಒಳಗೇ ಉಳಿದರು. ಅಸಿಲ್ ಜಾಲರಿಯ ಕಿಂಡಿಗೆ ಕಿವಿಗೊಟ್ಟು ಕೂತಳು.

ಸತ್ತವಳು ಎಂಥವಳಾಗಿದ್ದಳು ಎಂದು ಮುಲ್ಲಾ ಕೇಳಿದ. ಇದು ಎಲ್ಲ ಸಾವಿನಲ್ಲೂ ಕೇಳುವ ಮಾತು. ಒಳ್ಳೆಯವಳಾಗಿದ್ದಳು ಎಂದು ಜನ ಒಕ್ಕೊರಲಿನಿಂದ ಹೇಳಿದರು. ಅದೂ ಎಲ್ಲ ಸಾವಿನಲ್ಲೂ ಹೇಳುವ ಮಾತು. ಆಮೇಲೆ ಮಗ ಮುಂದೆ ಬಂದು, ನಮ್ಮಮ್ಮನಿಂದ ಯಾರಿಗಾದರೂ ನೋವಾಗಿದ್ದರೆ, ಯಾರದಾದರೂ ಋಣ ಉಳಿದಿದ್ದರೆ ನನ್ನನ್ನು ಕೇಳಿ, ನಾನು ಹೊರುತ್ತೇನೆ ಎಂದು ಹೇಳಬೇಕು. ಕುಬಾತ್ ಹೇಳಿದ. ಸಾಮಾನ್ಯವಾಗಿ ಅಲ್ಲಿಗೆ ಯಾರೂ ಬಾಯಿ ಬಿಡುವುದಿಲ್ಲ, ನಮಾಜು ಶುರುವಾಗುತ್ತದೆ.

ಎಸೆನ್‌ಕುಲ್ ಕೆಮ್ಮಿದ.

“ಋಣ ಅಂತ ಕೇಳ್ದೆ ತಮ್ಮ, ಅದಕ್ಕೆ ಹೇಳ್ತೀನಿ. ಹಣಕಾಸಲ್ಲ. ದೊಡ್ಡಮ್ಮ ಒಳ್ಳೆಯವ್ಳು. ಆದ್ರೆ ಒಂದು ತಪ್ಪು ಮಾಡಿದ್ಲು. ದೇವ್ರು ಕೊಟ್ಟ ನೀರಿಗೆ ಬೀಗ ಹಾಕಿದ್ಲು. ಊರ ದನ ನೀರಿಗಾಗಿ ಕೂಗಿದ್ದು ಅವಳ ಲೆಕ್ಕದಲ್ಲಿದೆ. ಆ ಭಾರ ಹೊತ್ಕೊಂಡು ಅವಳು ಹೋಗ್ಬಾರ್ದು. ಹೊಳೆಬಾಯಿ ಊರಿಗೆ ಬಿಟ್ಟಿದ್ದೀವಿ ಅಂತ ಇಲ್ಲೇ, ಅವಳೆದುರಿಗೇ ಹೇಳು.”

ಹೆಣದ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಿಲ್ಲ. ಒಳಗೆ ಅಸಿಲ್ ಕಿಂಡಿಗೆ ಇನ್ನಷ್ಟು ಬಾಗಿದಳು. ಬಿಡಬೇಡ, ಬಿಡಬೇಡ ಎಂದು ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಕಿಂಡಿಯಿಂದ ಅವಳಿಗೆ ಕಾಣುತ್ತಿದ್ದದ್ದು ಗಂಡನ ಬೂಟುಗಳು ಮಾತ್ರ. ಬಲಗಾಲು ಅತ್ತ ಇತ್ತ ಸರಿಯಿತು. ಮುಲ್ಲಾ ಸಮಾಧಾನದ ಸದ್ದು ಮಾಡಿದ. ಯಾರೋ ‘ಹೇಳಪ್ಪ’ ಎಂದರು.

“ಹೂಂ,” ಎಂದ ಕುಬಾತ್.

ಅಷ್ಟೇ. ನಮಾಜು ಶುರುವಾಯಿತು, ಮುಗಿಯಿತು. ಹೆಣವನ್ನು ಹೆಗಲಿಗೇರಿಸಿದರು. ಗಂಡಸರೆಲ್ಲ ಹೊಳೆಯಿಂದ ಕುದುರೆಗಳನ್ನು ಎಳೆತಂದು ಹತ್ತಿ, ಗುಡ್ಡದ ಗೋರಿಗಳ ಕಡೆ ಹೊರಟರು. ಹೆಂಗಸರು ಗೋರಿಗೆ ಹೋಗುವುದಿಲ್ಲ.

*

ಧೂಳು ಇಳಿದ ಮೇಲೆ ಅಸಿಲ್ ದಂಡೆಗೆ ಹೋದಳು. ಕೆಳಗಿನ ಅರ್ಧ ಮುಗಿದುಹೋಗಿತ್ತು. ಗೊರಸಿನ ಗುಂಡಿಗಳಲ್ಲಿ ಕೆಸರುನೀರು ನಿಂತು ಸಾವಿರ ಕಣ್ಣು ಬಿಟ್ಟಂತಿತ್ತು. ದಡದ ಅಂಚು ಮುರಿದ ರೊಟ್ಟಿಯ ಹಾಗೆ ಉದುರಿತ್ತು. ಮೇಲಿನ ತಿರುವು ಮಾತ್ರ ಹಾಗೇ ಇತ್ತು. ಅಲ್ಲಿ ನೀರವಂಜಿಯ ಎಳೆಗಿಡಗಳು ಮೊಣಕಾಲೆತ್ತರ ನಿಂತು, ಜೊಂಡಿನ ನಡುವೆ ಹೊಳೆ ಕಿರಿದಾಗಿ, ಆಳವಾಗಿ ಹರಿಯುತ್ತಿತ್ತು. ಅವಳು ಹಿಮ್ಮಡಿ ಊರಿ ನೋಡಿದಳು. ಇಳಿಯಿತು.

ಗಂಡಸರು ಮರಳಿ ಬರುತ್ತಾರೆ. ಗೋಳಿಡುತ್ತ ಬಂದು ಕುದುರೆಯಿಳಿದು ಊಟಕ್ಕೆ ಕೂರುತ್ತಾರೆ, ಕುದುರೆಗಳು ಮತ್ತೆ ಹೊಳೆಗಿಳಿಯುತ್ತವೆ. ಸಂಜೆಗೆ ಮಂದೆಯೂ ಬರುತ್ತದೆ, ಹೂಂ ಎಂದಾಗಿದೆಯಲ್ಲ. ಗೂಟಗಳು ಒಲೆಯಲ್ಲಿದ್ದವು. ಇನ್ನೊಂದು ಬೇಲಿಗೆ ಮನೆಯಲ್ಲಿ ಒಂದು ಹಲಗೆಯೂ ಇರಲಿಲ್ಲ.

ಅವಳು ತಿರುಗಿ ಕಂಬಳಿಮನೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ, ಕಂಬಳಿಯನ್ನು ಬಿಗಿದಿದ್ದ ಹಗ್ಗದ ಗಂಟಿಗೆ ಕೈ ಹಾಕಿದಳು.

ಒಳಗಿದ್ದ ಹೆಂಗಸರು ತಲೆಯ ಮೇಲೆ ಬೆಳಕು ಬಿದ್ದಾಗಲೇ ಹೊರಗೆ ಓಡಿಬಂದದ್ದು. ಕಲಿಯಾ ಎದೆ ಬಡಿದುಕೊಂಡಳು. ಹೆಣ ಹೋದ ಮೇಲೂ ಮೂರು ದಿನ ಮನೆ ನಿಂತಿರಬೇಕು, ತಡವಾಗಿ ಬಂದವರು ಎಲ್ಲಿ ಅಳಬೇಕು, ಬುದ್ಧಿ ಕೆಟ್ಟಿತಾ, ಏಳು ಊರಿಗೆ ಮುಖ ಹೇಗೆ ತೋರಿಸುತ್ತೀಯ ಎಂದು ಒಂದೇ ಉಸಿರಿಗೆ ಬೈದಳು. ಅಸಿಲ್ ಬಿಚ್ಚುತ್ತಲೇ ಇದ್ದಳು. ಮೇಲಿನ ಕಮಾನುಕೋಲುಗಳನ್ನು ಇಳಿಸಿದಳು, ಜಾಲರಿಯ ಪಟ್ಟಿಗಳನ್ನು ಒಂದರಿಂದೊಂದು ಬೇರೆ ಮಾಡಿದಳು. ಒಂದನ್ನು ಮಡಚಿ ಬೆನ್ನಿಗೇರಿಸಲು ನೋಡಿದಳು, ಅದು ಅವಳನ್ನೇ ಮಂಡಿಯೂರಿಸಿತು.

“ಎಜೆ,” ಎಂದಳು ಏದುಸಿರಿನಲ್ಲಿ, ಕಲಿಯಾಳ ಕಡೆ ತಿರುಗಿ. ಅಕ್ಕ ಎನ್ನುವ ಮಾತು. “ಇದು ಎಲ್ಲಿಂದ ಬಂದಿದ್ದು ಅಂತ ನಿಂಗೆ ಗೊತ್ತಿಲ್ವಾ?”

ಕಲಿಯಾ ಹೊಳೆಯ ಕೆಳಗೆ ತನ್ನ ಮನೆಯ ಕಡೆ ನೋಡಿದಳು. ಅವಳ ಮನೆ ಹೊಳೆಯ ಕೆಳಗಿನ ಕೊನೆಯ ಮನೆ. ಬೇಸಗೆಯ ಕೊನೆಯಲ್ಲಿ ಮೊದಲು ಒಣಗುವುದು ಅವಳ ಕಟ್ಟೆ.

“ಒಬ್ಬಳೇ ಎಳೆದ್ರೆ ಚರ್ಮದ ಗಂಟು ಹರಿದ್ಹೋಗುತ್ತೆ, ದರಿದ್ರದವಳೇ,” ಎಂದು ಇನ್ನೊಂದು ತುದಿ ಹಿಡಿದಳು. “ಬುರುಲ್ ಎದ್ದು ಬಂದ್ರೆ ಇಬ್ರನ್ನೂ ಇದ್ರಲ್ಲೇ ಬಡೀತಾಳೆ.”

ಹೊಳೆಬಾಯಿಗೆ ಅಡ್ಡವಾಗಿ ಜಾಲರಿಗಳನ್ನು ಒಂದೊಂದಾಗಿ ಹಿಗ್ಗಿಸಿ ನಿಲ್ಲಿಸಿದರು. ಗೂಟ ಕಿತ್ತ ಗುಳಿಗಳಲ್ಲೇ ಅವುಗಳ ಕಾಲು ಊರಿದರು. ಬಂಡೆಯ ಕಡೆ ಸರಿಯಾಗಿ ಕೂತಿತು. ದಿಬ್ಬದ ಕಡೆ ಕೊನೆಯ ಜಾಲರಿ ಒಂದು ತೋಳಿನಷ್ಟು ಮುಟ್ಟದೆ ಉಳಿಯಿತು. ಬಾಗಿದ ಕಮಾನುಕೋಲುಗಳು ಆ ಕೆಸರಿನಲ್ಲಿ ನಿಲ್ಲದೆ, ಬಿಗಿಯಲು ಬೇರೆ ಗೂಟವಿಲ್ಲದೆ ಆ ತುದಿ ಗಾಳಿಗೆ ತೂಗಾಡಿತು.

ಗುಡ್ಡದ ಮೇಲಿಂದ ಗೋಳು ಕೇಳಿಸಿತು. ಗಂಡಸರು ಕುದುರೆ ಓಡಿಸಿಕೊಂಡು, ಕಟ್ಟಳೆಯಂತೆ ಅಳುತ್ತ ಬರುತ್ತಿದ್ದರು. ಅಂಗಳಕ್ಕೆ ಬಂದವರ ಅಳು ಅರ್ಧದಲ್ಲಿ ಸತ್ತಿತು. ಕಂಬಳಿಮನೆ ಇದ್ದ ಕಡೆ ತುಳಿದ ಹುಲ್ಲಿನ ದುಂಡನೆಯ ಗುರುತು, ಮಡಚಿಟ್ಟ ಕಂಬಳಿಯ ರಾಶಿ.

ಎಸೆನ್‌ಕುಲ್ ಕುದುರೆಯಿಂದ ಇಳಿಯದೆ ಹೊಳೆಬಾಯಿಗೆ ಬಂದ. ಅವನ ಹಿಂದೆ ಎಲ್ಲರೂ. ಬಾಯಾರಿದ ಕುದುರೆ ಜಾಲರಿಗೆ ಮೂತಿ ಒತ್ತಿ ಬುಸುಗುಟ್ಟಿತು. ಅಸಿಲ್ ಜಾಲರಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ತೆಗಿ ಇದನ್ನ,” ಎಂದ. ದನಿಯಲ್ಲಿ ಮೆತ್ತನೆಯದು ಈಗ ಉಳಿದಿರಲಿಲ್ಲ. “ಸಾವಿನ ಮನೇನ ಕಿತ್ತು ದನದ ದೊಡ್ಡಿ ಮಾಡಿದ್ಯಾ? ಹೊತ್ಕೊಂಡ್ಹೋಗಿ ಎಲ್ಲಿತ್ತೋ ಅಲ್ಲಿ ನಿಲ್ಸು. ಕುಬಾತ್, ನಿನ್ ಹೆಂಡ್ತಿಗೆ ಹೇಳು. ಹೇಳಕ್ಕಾಗ್ದಿದ್ರೆ ನೀನೇ ಕೀಳು. ಹೆಣದ ಮುಂದೆ ಮಾತು ಕೊಟ್ಟಿದೀಯ.”

ಕುಬಾತ್ ಕುದುರೆಯಿಂದ ಇಳಿದ. ಗೋರಿಯ ಮಣ್ಣು ಅವನ ಮೊಣಕಾಲಿಗೆ ಹತ್ತಿತ್ತು. ಕೋಲೂರಿಕೊಂಡು ಅವಳ ಕಡೆ ಬಂದ. ಅವನ ಮುಖ ಓದಲು ಅಸಿಲ್ ನೋಡಿದಳು. ಏನೂ ಸಿಗಲಿಲ್ಲ. ಅದು ಬೆಳಿಗ್ಗೆ ಕೋಲಿನ ಮೇಲೆ ಬಾಗಿದ್ದ ಅದೇ ಮುಖ.

ಅವಳು ತಿರುಗಿದಳು. ಕೆಸರಿನಲ್ಲಿ ಕೂತಳು. ಜಾಲರಿಗೆ ಮುಖ ಮಾಡಿ, ಎರಡೂ ಕೈ ಸೊಂಟಕ್ಕೆ ಊರಿ, ದನಿ ಎತ್ತಿದಳು.

“ಹಸಿಯ ಗೂಟ ಊರಿದ್ಯಲ್ಲ ಅಪಾ, ಅದು ಬೇರು ಬಿಟ್ಟಿತಲ್ಲ
ಎಲೆಯ ಬಿಟ್ಟ ಗೂಟ ಕಿತ್ತು ನಿನ್ನೊಲೆಗೇ ಇಟ್ಟರಲ್ಲ
ನೀನು ಆಡದ ಮಾತು ನಾನು ಆಡ್ತೀನಿ ಕೇಳು, ತಾಲ ಅಪಾ, ತಾಲ
ಕಿತ್ತವನ ಹೆಸರೂ ಹೇಳ್ತೀನಿ ಕೇಳು, ಎಸೆನ್‌ಕುಲ್ ಅಪಾ, ಎಸೆನ್‌ಕುಲ್…”

ಸೊಸೆಯ ಬಾಯಲ್ಲಿ ಆ ಹೆಸರು ಹೊಳೆಬಾಯಿಯ ಬಂಡೆಗೆ ಬಡಿದು ಮರಳಿ ಬಂತು. ನಿಲ್ಲಿಸು ಎಂದು ಎಸೆನ್‌ಕುಲ್ ಕೂಗಿದ. ಅವಳು ನಿಲ್ಲಿಸಲಿಲ್ಲ. ಹಾಡಿ ಅಳುವವಳನ್ನು ತಡೆದ ಗಂಡಸು ಆ ಕಣಿವೆಯಲ್ಲಿ ಅದುವರೆಗೆ ಇರಲಿಲ್ಲ. ಮುಲ್ಲಾ ಮೊದಲು ಕುದುರೆಯಿಳಿದ. ಒಬ್ಬೊಬ್ಬರಾಗಿ ಇಳಿದು, ಕೋಲಿಗೆ ಮೈಚೆಲ್ಲುವ ಸದ್ದು ಕೇಳಿಸಿತು. ಎಸೆನ್‌ಕುಲ್‌ನ ಕುದುರೆ ಮಾತ್ರ ಅಲ್ಲೇ, ಅವನನ್ನು ಹೊತ್ತುಕೊಂಡು, ಕಾಲು ಬದಲಿಸುತ್ತ ನಿಂತಿತ್ತು.

“ಕೀಳೋ,” ಎಂದ ಅವನು ಮತ್ತೆ, ಹಾಡಿನ ಮೇಲಿಂದ.

ಗಂಡನ ಬೂಟುಗಳು ಕೆಸರಿನಲ್ಲಿ ಹತ್ತಿರ ಬಂದವು. ಅಸಿಲ್ ತಲೆ ಎತ್ತದೆ ಹಾಡಿದಳು. ಬೂಟುಗಳು ಅವಳನ್ನು ದಾಟಿ ದಿಬ್ಬದ ಕಡೆ, ತೂಗಾಡುವ ತುದಿಯ ಕಡೆ ಹೋದವು. ಜಾಲರಿ ಒಮ್ಮೆ ಜೋರಾಗಿ ಅಲುಗಿತು. ಕಿತ್ತ ಎಂದುಕೊಂಡಳು. ಅವಳ ದನಿ ಒಡೆದು ಹೋಳಾಯಿತು, ಆದರೂ ನಿಲ್ಲಲಿಲ್ಲ.

ಕಣ್ಣಂಚಿನಲ್ಲಿ ಕೋಲೊಂದು ಮೇಲೆದ್ದು, ಬುಡ ಕೆಳಗಾಗಿ ಕೆಸರಿಗೆ ಇಳಿಯಿತು. ಎರಡು ಕೈಗಳು ಅದರ ಮೇಲೆ ಭಾರ ಬಿಟ್ಟು ಇನ್ನೂ ಆಳಕ್ಕೆ ಒತ್ತಿದವು. ಗೆಣ್ಣಿನ ಹಸಿರು ಮೊಗ್ಗು ನೆಲದಿಂದ ಒಂದು ಮೊಳ ಮೇಲೆ ನಿಂತಿತು. ಆ ಕೈಗಳು ನಡುವಿನ ಬಿಳಿ ಪಟ್ಟಿ ಬಿಚ್ಚಿ, ಜಾಲರಿಯ ತುದಿಗೂ ಕೋಲಿಗೂ ಸುತ್ತಿ, ಎಳೆದು ಗಂಟು ಹಾಕಿದವು.

ಅವಳ ಮುಖದ ಮುಂದೆ ಜಾಲರಿ ಬಿಗಿಯಾಯಿತು.